ಲೆಕ್ಕ ಬಿಡಿಸುವ ಹುಡುಗಿ, ಐದು ವರ್ಷದ ಗಣಿತ

(ಗುರುತು ಸಿಗದಂತೆ ಹೆಸರು ಮತ್ತು ಕೌಟುಂಬಿಕ ವಿವರಗಳನ್ನು ಬದಲಿಸಿದ್ದೇನೆ.)

ಮಳೆಗಾಲದ ಆರಂಭದಲ್ಲಿ ಮಲೆನಾಡಿನ ಅಂಚಿನ ಒಂದು ತಾಲ್ಲೂಕು ಕೇಂದ್ರದಿಂದ ತಂದೆ, ಮಗಳು ಮುಂದಿನ ಓದಿನ ಬಗ್ಗೆ ಸಲಹೆ ಕೇಳಲು ನನ್ನ ಬಳಿ ಬಂದರು. ಮಗಳನ್ನು ಸುಮಾ ಎಂದು ಕರೆಯುತ್ತೇನೆ. ಪಿಯುಸಿಯಲ್ಲಿ ಪಿಸಿಎಂಸಿ (ಭೌತ, ರಸಾಯನ, ಗಣಿತ, ಕಂಪ್ಯೂಟರ್ ವಿಜ್ಞಾನ) ಓದಿದ್ದ ಆಕೆಗೆ ಗಣಿತದಲ್ಲಿ ನೂರಕ್ಕೆ ನೂರು ಬಂದಿತ್ತು. ಸಿಇಟಿ ರ‍್ಯಾಂಕಿಗೆ ಎಂಜಿನಿಯರಿಂಗ್ ಸೀಟು ಸಿಗುವುದರಲ್ಲಿ ಅನುಮಾನವಿರಲಿಲ್ಲ. ಆದರೆ ಆಕೆ ಕೇಂದ್ರ ಸರ್ಕಾರದ ವಿಜ್ಞಾನ ಶಿಕ್ಷಣ ಮತ್ತು ಸಂಶೋಧನಾ ಸಂಸ್ಥೆಗಳಾದ ಐಸರ್‌ಗಳ ಪ್ರವೇಶ ಪರೀಕ್ಷೆಯನ್ನೂ ಬರೆದು, ಹೊರರಾಜ್ಯದ ಒಂದು ಐಸರ್‌ನಲ್ಲಿ ಪದವಿ, ಸ್ನಾತಕೋತ್ತರ ಎರಡೂ ಸೇರಿದ ಐದು ವರ್ಷದ ಬಿಎಸ್-ಎಂಎಸ್ ಸೀಟು ಸಿಗಬಹುದೆಂಬ ನಿರೀಕ್ಷೆಯಲ್ಲಿದ್ದಳು. ಸೀಟು ಹಂಚಿಕೆಗೆ ಹತ್ತು ದಿನಗಳಷ್ಟೇ ಉಳಿದಿದ್ದವು.

ತಂದೆ ಸಹಕಾರ ಸಂಘವೊಂದರಲ್ಲಿ ಗುಮಾಸ್ತರು. "ಮೇಡಂ, ಬಿಎಸ್ಸಿ ನಮ್ಮೂರಲ್ಲೇ ಇದೆ. ಅದಕ್ಕೆ ಐದು ವರ್ಷ ಅಷ್ಟು ದೂರ ಯಾಕೆ ಹೋಗಬೇಕು? ನಡುವೆ ಬಿಟ್ಟು ಬಂದರೆ ಕೈಗೇನು ಸಿಗುತ್ತದೆ?" ಎಂದು ಕೇಳಿದರು. ಇದನ್ನು ಓದಿಗೆ ಅಡ್ಡಿಪಡಿಸುವ ಮಾತೆಂದು ನಾನು ಬಗೆಯಲಿಲ್ಲ. ನಮ್ಮ ರಾಜ್ಯದಲ್ಲಿ 2021ರಲ್ಲಿ ನಾಲ್ಕು ವರ್ಷದ ಆನರ್ಸ್ ಪದವಿ ಬಂದು, 2024ರಲ್ಲಿ ಮತ್ತೆ ಮೂರು ವರ್ಷದ ಪದವಿಗೇ ಮರಳಿದ್ದನ್ನು ಕಂಡವರು ವರ್ಷಗಳ ಲೆಕ್ಕ ಕೇಳುವುದು ಸಹಜವೇ.

ನನ್ನನ್ನು ತಡೆದು ನಿಲ್ಲಿಸಿದ್ದು ಮಗಳ ಉತ್ತರ. ಗಣಿತವೇ ಏಕೆ ಎಂದು ಕೇಳಿದಾಗ, "ನಾನು ಬೇಗ ಬಿಡಿಸುತ್ತೇನೆ" ಎಂದಳು. ಸಿಇಟಿಯಲ್ಲಿ ಒಂದು ಪ್ರಶ್ನೆಗೆ ಸಿಗುವುದು ಒಂದು ನಿಮಿಷದ ಆಸುಪಾಸು. ಆ ವೇಗವನ್ನು ಕೋಚಿಂಗ್ ಆಕೆಗೆ ಚೆನ್ನಾಗಿಯೇ ಕಲಿಸಿತ್ತು. ಪದವಿ ಹಂತದ ಗಣಿತದಲ್ಲಿ ಆ ವೇಗಕ್ಕೆ ಹೆಚ್ಚು ಬೆಲೆಯಿಲ್ಲ. ಅಲ್ಲಿ ಒಂದು ಹೇಳಿಕೆ ಏಕೆ ನಿಜ ಎಂಬುದನ್ನು ಸಂದುಗಳಿಲ್ಲದಂತೆ ಬರೆದು ತೋರಿಸಬೇಕು.

ಆದ್ದರಿಂದ ಸಲಹೆ ಕೊಡುವ ಮೊದಲು ಒಂದು ವಾರದ ಕೆಲಸ ಕೊಟ್ಟೆ. ಎರಡರ ವರ್ಗಮೂಲ ಅಭಾಗಲಬ್ಧ ಎಂದು ತೋರಿಸುವುದು, ಅವಿಭಾಜ್ಯ ಸಂಖ್ಯೆಗಳಿಗೆ ಕೊನೆಯಿಲ್ಲ ಎಂದು ತೋರಿಸುವುದು, ಮತ್ತು ಯಾವುದೇ ಐದು ಪೂರ್ಣಾಂಕಗಳನ್ನು ಕೊಟ್ಟರೂ ಅವುಗಳಲ್ಲಿ ಮೂರರ ಮೊತ್ತ 3ರಿಂದ ಭಾಗವಾಗುವಂತೆ ಆರಿಸಬಹುದೆಂದು ತೋರಿಸುವುದು. ನಾನು ಗಣಿತ ಓದಿದವಳಲ್ಲ; ಉತ್ತರಗಳನ್ನು ನೋಡಿದವರು ನನ್ನ ಪರಿಚಯದ ನಿವೃತ್ತ ಉಪನ್ಯಾಸಕರು. ಮೊದಲೆರಡನ್ನು ಸುಮಾ ಪುಸ್ತಕ ನೋಡಿ ಬರೆದಳು, ಅದನ್ನು ಮುಚ್ಚಿಡಲೂ ಇಲ್ಲ. ಮೂರನೆಯದಕ್ಕೆ ಮೊದಲ ದಿನ ಇಪ್ಪತ್ತು ಉದಾಹರಣೆಗಳನ್ನು ಬರೆದು, ಎಲ್ಲವೂ ಸರಿಬಂದವು ಎಂದು ಮುಗಿಸಿದಳು. ಇಪ್ಪತ್ತೊಂದನೆಯದು ತಪ್ಪಬಾರದೆಂದು ಎಲ್ಲಿದೆ ಎಂದು ಉಪನ್ಯಾಸಕರು ಕೇಳಿ ಹಿಂದಿರುಗಿಸಿದರು. ನಾಲ್ಕನೆಯ ದಿನ ಆಕೆಗೆ ಹೊಳೆಯಿತು: 3ರಿಂದ ಭಾಗಿಸಿದಾಗ ಉಳಿಯುವ ಶೇಷ 0, 1 ಅಥವಾ 2, ಮೂರೂ ಶೇಷಗಳು ಇದ್ದರೆ ಒಂದೊಂದನ್ನು ಆರಿಸಿದರಾಯಿತು, ಇಲ್ಲವಾದರೆ ಐದು ಸಂಖ್ಯೆಗಳು ಹೆಚ್ಚೆಂದರೆ ಎರಡೇ ಶೇಷಗಳಲ್ಲಿ ಹಂಚಿಹೋಗುವುದರಿಂದ ಒಂದು ಶೇಷ ಮೂರು ಸಲವಾದರೂ ಬರಲೇಬೇಕು. ಆ ನಾಲ್ಕು ದಿನ ಹೇಗಿದ್ದವು ಎಂದು ಕೇಳಿದೆ. ಎರಡನೆಯ ದಿನ ಅಳು ಬಂತೆಂದೂ, ಆದರೂ ಬಿಡಲು ಮನಸ್ಸಾಗಲಿಲ್ಲವೆಂದೂ ಹೇಳಿದಳು. ನನಗೆ ಅಂಕಪಟ್ಟಿಗಿಂತ ಈ ಉತ್ತರ ಮುಖ್ಯವಾಗಿತ್ತು.

ನಂತರ ಇಬ್ಬರಿಗೂ ಕೊಟ್ಟ ಸಲಹೆ ಹೀಗಿತ್ತು. ಐಸರ್‌ನಲ್ಲಿ ಗಣಿತವೊಂದನ್ನೇ ಮೊದಲ ದಿನದಿಂದ ಓದಿಸುವುದಿಲ್ಲ. ಆರಂಭದ ಸೆಮಿಸ್ಟರ್‌ಗಳಲ್ಲಿ ಭೌತ, ರಸಾಯನಶಾಸ್ತ್ರಗಳ ಜೊತೆ, ಹತ್ತನೆಯ ತರಗತಿಗೇ ಸುಮಾ ಬಿಟ್ಟಿದ್ದ ಜೀವಶಾಸ್ತ್ರವೂ ಇರುತ್ತದೆ. ಮೊದಲಿಂದಲೂ ಗಣಿತವೇ ಬೇಕೆನ್ನುವವರಿಗೆ ಬೆಂಗಳೂರಿನ ಭಾರತೀಯ ಸಾಂಖ್ಯಿಕ ಸಂಸ್ಥೆಯ ಮೂರು ವರ್ಷದ ಗಣಿತ ಪದವಿ ಬಿ.ಮ್ಯಾಥ್, ಅದರ ಮುಂದೆ ಎರಡು ವರ್ಷದ ಸ್ನಾತಕೋತ್ತರ ಪದವಿ ಎಂ.ಮ್ಯಾಥ್ ಇದೆ, ಆದರೆ ಅದರ ಪ್ರವೇಶ ಪರೀಕ್ಷೆಯನ್ನು ಸುಮಾ ಬರೆದಿರಲಿಲ್ಲ. ಅಧ್ಯಾಪಕ ವೃತ್ತಿಯೇ ಗುರಿಯಾದರೆ ಮೈಸೂರಿನ ಪ್ರಾದೇಶಿಕ ಶಿಕ್ಷಣ ಸಂಸ್ಥೆಯ ಎಂಎಸ್ಸಿ ಮತ್ತು ಶಿಕ್ಷಕ ತರಬೇತಿ ಎರಡೂ ಸೇರಿದ ಆರು ವರ್ಷದ ಎಂಎಸ್ಸಿ-ಎಡ್ ಕೂಡ ಯೋಚಿಸಬೇಕಾದ ದಾರಿ, ಏಕೆಂದರೆ ಪಿಯು ಉಪನ್ಯಾಸಕರಾಗಲು ಸ್ನಾತಕೋತ್ತರ ಪದವಿಯ ಜೊತೆ ಬಿ.ಎಡ್ ಬೇಕಾಗುತ್ತದೆ.

ತಂದೆಯ ಪ್ರಶ್ನೆಗೆ ಉತ್ತರ ಸಂಸ್ಥೆಯ ನಿಯಮಾವಳಿಯಲ್ಲಿದೆ. ನಾಲ್ಕನೆಯ ವರ್ಷಕ್ಕೆ ಬಿಎಸ್ ಪದವಿ ಪಡೆದು ಹೊರಬರುವ ಅವಕಾಶ ಕೆಲವೆಡೆ ಇದೆ. ಅದಕ್ಕಿಂತ ಮೊದಲೇ ಬಿಟ್ಟರೆ ಏನು ಸಿಗುತ್ತದೆ ಎಂಬುದನ್ನು ಶುಲ್ಕ ಕಟ್ಟುವ ಮೊದಲೇ ಅಲ್ಲಿನ ಶೈಕ್ಷಣಿಕ ಕಚೇರಿಯಿಂದ ಬರವಣಿಗೆಯಲ್ಲಿ ತರಿಸಿಕೊಳ್ಳಲು ತಿಳಿಸಿದೆ. ವಿಜ್ಞಾನ ಓದುವವರಿಗೆ ಕೇಂದ್ರ ಸರ್ಕಾರ ಕೊಡುವ, ವರ್ಷಕ್ಕೆ 80,000 ರೂಪಾಯಿಯ ಇನ್‌ಸ್ಪೈರ್ ವಿದ್ಯಾರ್ಥಿವೇತನಕ್ಕೆ ಅರ್ಹತೆಯಿದ್ದರೆ ಅರ್ಜಿ ಹಾಕುವಂತೆಯೂ, ಅದು ಬಂದೇ ಬರುತ್ತದೆಂದು ಮನೆಯ ಲೆಕ್ಕ ಹಾಕದಂತೆಯೂ ಹೇಳಿದೆ. ಊರಿನ ಬಿಎಸ್ಸಿಯನ್ನೂ ನಾನು ತಳ್ಳಿಹಾಕಲಿಲ್ಲ. 1993ರಿಂದ ನಡೆದುಬಂದ ಎಂಟಿಟಿಎಸ್ ಬೇಸಿಗೆ ಗಣಿತ ಶಿಬಿರಗಳಿಗೆ ಸಣ್ಣ ಊರಿನ ಕಾಲೇಜುಗಳಿಂದಲೂ ಹೋಗಬಹುದು. ಬಿಎಸ್ಸಿಯ ನಂತರ ಜ್ಯಾಮ್ ಎಂಬ ಪ್ರವೇಶ ಪರೀಕ್ಷೆಯ ಮೂಲಕ ಐಐಟಿಯಲ್ಲಿ ಎಂಎಸ್ಸಿಗೆ ಸೇರುವ ದಾರಿಯೂ ತೆರೆದಿರುತ್ತದೆ.

ಸುಮಾ ಐಸರ್ ಸೇರಿದಳು. ಮೊದಲ ಸೆಮಿಸ್ಟರ್‌ನ ನಡುವೆ ಫೋನ್ ಮಾಡಿ, ಜೀವಶಾಸ್ತ್ರದ ಕಿರುಪರೀಕ್ಷೆಯಲ್ಲಿ ಹಿಂದೆ ಬಿದ್ದಿದ್ದನ್ನೂ, ಜೀವನದಲ್ಲಿ ಮೊದಲ ಬಾರಿ ಗಣಿತದಲ್ಲಿ ತರಗತಿಯ ಸರಾಸರಿಗಿಂತ ಕೆಳಗಿದ್ದದ್ದನ್ನೂ ತಿಳಿಸಿದಳು. ಜೀವಶಾಸ್ತ್ರಕ್ಕೆ ಹಿರಿಯ ವಿದ್ಯಾರ್ಥಿಯೊಬ್ಬರ ನೆರವು ಕೇಳಲು ಹೇಳಿದೆ. ಗಣಿತದ ಉತ್ತರಪತ್ರಿಕೆಯಲ್ಲಿ ಅಂಕ ಕಳೆದದ್ದು ಎಲ್ಲಿ ಎಂದು ವಿಚಾರಿಸಿದಾಗ, ಉತ್ತರ ಸರಿಯಿದ್ದರೂ ಕಾರಣ ಬರೆಯದ ಕಡೆಗಳಲ್ಲಿ ಎಂದಳು. ಆ ಹಾಳೆಗಳನ್ನು ತೆಗೆದುಕೊಂಡು ಅದೇ ವಾರ ಅಧ್ಯಾಪಕರನ್ನು ಕಾಣುವಂತೆ ಸೂಚಿಸಿ, ಡಿಸೆಂಬರ್ ರಜೆಯಲ್ಲಿ ಮತ್ತೆ ಭೇಟಿಯಾಗಲು ದಿನ ಗೊತ್ತುಮಾಡಿದ್ದೇವೆ.