ಅಮ್ಮನ ಮರೆವು ನನಗೂ ಬರುತ್ತಾ? ಎಪಿಜೆನೆಟಿಕ್ ಟೆಸ್ಟ್ ಮಾಡಿಸಲಾ?

ಅಮ್ಮನಿಗೆ ಅಲ್ಜೈಮರ್, ನಿಮಗೀಗ 45, ರಕ್ತ ಕೊಟ್ಟರೆ ಜೀನ್ ಎಷ್ಟು ಕೆಟ್ಟಿದೆ ಅಂತ ಹೇಳ್ತಾರಂತೆ, ಮಾಡಿಸಲಾ ಅಂತ ಕೇಳಿದ್ದೀರಿ. ನಾನು ಡೊಂಬಿವಲಿಯವನು, ಪೆಥಾಲಜಿ ಲ್ಯಾಬಿನಲ್ಲಿ ಕೆಲಸ. ನನ್ನ ಅಮ್ಮನಿಗೂ ಇದೇ ಕಾಯಿಲೆ. ನಾನಂತೂ ಮಾಡಿಸಲಿಲ್ಲ.

ಅಪ್ಪ ಮಾಟುಂಗದ ಉಡುಪಿ ಹೋಟೆಲೊಂದರಲ್ಲಿ ಅಡುಗೆ ಭಟ್ಟರಾಗಿದ್ದರು. ನೂರು ತಿಂಡಿ ಗೊತ್ತಿತ್ತು ಅವರಿಗೆ. ಆದರೆ ಬಾಗಿಲ ಬಳಿ ಕಪ್ಪು ಹಲಗೆಯಲ್ಲಿ ಬರೆದದ್ದಷ್ಟೇ ಅವತ್ತು ಒಲೆಗೆ ಏರುತ್ತಿತ್ತು. ಜೀನ್ ಅಂದರೆ ಭಟ್ಟರ ವಿದ್ಯೆ, ಎಪಿಜೆನೆಟಿಕ್ಸ್ ಅಂದರೆ ಆ ಹಲಗೆ. ಡಿಎನ್‌ಎ ಮೇಲೆ ಅಲ್ಲಲ್ಲಿ ಮೀಥೈಲ್ ಅನ್ನುವ ಪುಟ್ಟ ರಾಸಾಯನಿಕ ಅಂಟಿಕೊಳ್ಳುತ್ತದೆ. ಅದು ಜಾಸ್ತಿ ಅಂಟಿದ ಕಡೆ ಸಾಮಾನ್ಯವಾಗಿ ಜೀನ್ ಸುಮ್ಮನಾಗುತ್ತದೆ. ಡಿಎನ್‌ಎಯ ಅಕ್ಷರ ಮಾತ್ರ ಇದ್ದ ಹಾಗೇ ಇರುತ್ತದೆ.

ಎಪಿಒಇ4 ಅಂತ ಹೆಸರು ಕೇಳಿರುತ್ತೀರಿ. ಅದು ಹಲಗೆಯ ವಿಷಯ ಅಲ್ಲ, ವಿದ್ಯೆಯಲ್ಲೇ, ಅಂದರೆ ಜೀನಿನಲ್ಲೇ ಇರುವ ವ್ಯತ್ಯಾಸ. ಅಪ್ಪ ಅಮ್ಮರಲ್ಲಿ ಒಬ್ಬರಿಂದ ಬಂದರೆ ಅಲ್ಜೈಮರ್ ಅಪಾಯ ಸುಮಾರು ಮೂರು ಪಟ್ಟು, ಇಬ್ಬರಿಂದಲೂ ಬಂದರೆ ಇನ್ನೂ ಜಾಸ್ತಿ. ಇದ್ದರೂ ಕಾಯಿಲೆ ಬಾರದವರು ಬೇಕಾದಷ್ಟು ಜನ. ಅರಿಶಿನ ಹಾಲು ಕುಡಿದು ಅದನ್ನು ಅಳಿಸಲಂತೂ ಆಗುವುದಿಲ್ಲ.

ಹಲಗೆಯ ಬರಹ ಬದಲಾಗುತ್ತದೆ, ಅದು ನಿಜ. ಸಿಗರೇಟು ಸೇದುವವರ ರಕ್ತದಲ್ಲಿ ಎಎಚ್‌ಆರ್‌ಆರ್ ಅನ್ನುವ ಜೀನಿನ ಮೇಲೆ ಮೀಥೈಲ್ ಕಡಿಮೆಯಾಗುತ್ತದೆ. ಬಿಟ್ಟ ಮೇಲೆ ವರ್ಷಗಟ್ಟಲೆ ನಿಧಾನಕ್ಕೆ ಏರುತ್ತದೆ. ಆದರೆ ಮರೆವಿನ ವಿಷಯಕ್ಕೆ ಬಂದರೆ ತೊಡಕು. 2014ರಲ್ಲಿ ಅಲ್ಜೈಮರ್ ರೋಗಿಗಳಲ್ಲಿ ಎಎನ್‌ಕೆ1 ಜೀನಿನ ಮೇಲೆ ಇಂಥ ಬದಲಾವಣೆ ಕಂಡದ್ದು ಅವರು ತೀರಿಕೊಂಡ ಮೇಲೆ, ಮಿದುಳಿನಲ್ಲಿ. ಒಂದೊಂದು ಅಂಗಕ್ಕೂ ಒಂದೊಂದು ಹಲಗೆ. ರಕ್ತದ್ದು ಓದಿ ಮಿದುಳಿನದ್ದು ಹೇಳುವುದು ಅಂದರೆ ಪಕ್ಕದ ಹೋಟೆಲಿನ ಹಲಗೆ ನೋಡಿ ಇಲ್ಲಿ ಆರ್ಡರ್ ಕೊಟ್ಟ ಹಾಗೆ, ಅಲ್ವಾ? ಅಲ್ಲದೆ, ಆ ಮೀಥೈಲ್ ಗುರುತಿನಿಂದ ಕಾಯಿಲೆಯೋ, ಕಾಯಿಲೆಯಿಂದ ಗುರುತೋ ಅನ್ನುವುದೂ ಇನ್ನೂ ಇತ್ಯರ್ಥವಾಗಿಲ್ಲ. ನಮ್ಮ ಕೌಂಟರಿನಲ್ಲೂ ಇಂಥ ಪ್ಯಾಕೇಜ್ ಕೇಳುತ್ತಾರೆ. ಲ್ಯಾಬಿನವನಾಗಿ ಹೀಗೆ ಹೇಳಬಾರದೇನೋ, ಆದರೂ ಆ ದುಡ್ಡು ಉಳಿಸಿ.

ಬಿಪಿ, ಶುಗರ್, ಎಲ್‌ಡಿಎಲ್ ಅನ್ನುವ ಕೆಟ್ಟ ಕೊಲೆಸ್ಟ್ರಾಲ್, ಕಣ್ಣು, ಕಿವಿ ತೋರಿಸಿ. ಲ್ಯಾನ್ಸೆಟ್ ಅನ್ನುವ ವೈದ್ಯಕೀಯ ಪತ್ರಿಕೆಯ ತಜ್ಞರ ಆಯೋಗ 2024ರಲ್ಲಿ ಹೆಸರಿಸಿದ 14 ಅಪಾಯಗಳಲ್ಲಿ ಇವೆಲ್ಲ ಇವೆ. ಹದಿನಾಲ್ಕನ್ನೂ ತಡೆದರೆ ಜಗತ್ತಿನಲ್ಲಿ ಮರೆವಿನ ಕಾಯಿಲೆಯ ಸುಮಾರು 45% ತಪ್ಪಬಹುದು ಅಥವಾ ಮುಂದೆ ಹೋಗಬಹುದು ಅಂತ ಅವರ ಲೆಕ್ಕ. ಅದು ಇಡೀ ಜನಸಮೂಹದ ಲೆಕ್ಕ, ನಿಮ್ಮೊಬ್ಬರ ಜಾತಕ ಅಲ್ಲ.

ನಮ್ಮನೆಯಲ್ಲಿ ಅಮ್ಮನಿಗೆ ಕಿವಿಯ ಮಷಿನ್ ಹಾಕಿಸಿದೆವು. ಮರೆವೇನೂ ಹೋಗಲಿಲ್ಲ. ಮರಾಠಿ, ಹಿಂದಿ ಎರಡೂ ಹೋಗಿವೆ, ಉಳಿದದ್ದು ಕುಂದಾಪುರದ ಕನ್ನಡ ಮಾತ್ರ. ಆದರೆ ನಿನ್ನೆ ಹಾಲ್‌ನಲ್ಲಿ ಕೂತಲ್ಲಿಂದಲೇ ಬೆರಳು ಮಡಚಿ ಎಣಿಸುತ್ತಿದ್ದರು. "ಮೂರಾಯ್ತು, ಕುಕ್ಕರ್ ಇಳಿಸು."