ಅಟ್ಲಾಂಟಿಕ್ ಸಿಟಿಯಲ್ಲಿ ಹೋಟೆಲ್: ಬೋರ್ಡ್‌ವಾಕ್ ಬದಿಯೋ, ಮರೀನಾ ಬದಿಯೋ?

ನ್ಯೂಜೆರ್ಸಿಯ ಅಟ್ಲಾಂಟಿಕ್ ಸಿಟಿಯಲ್ಲಿ ವಯಸ್ಸಾದ ತಂದೆತಾಯಿಯರೊಡನೆ ಎರಡು ರಾತ್ರಿ ತಂಗಲು ಯಾವ ಹೋಟೆಲ್ ಸೂಕ್ತವೆಂದು ಕೇಳಿದ್ದೀರಿ. ಹೋಟೆಲಿನ ಹೆಸರಿಗಿಂತ ಮೊದಲು ನಿರ್ಧರಿಸಬೇಕಾದುದು ಊರಿನ ಯಾವ ಬದಿಯಲ್ಲಿ ಉಳಿಯಬೇಕು ಎಂಬುದನ್ನು. ಬೊರ್ಗಾಟಾ, ಹ್ಯಾರಾಸ್, ಗೋಲ್ಡನ್ ನಗೆಟ್ ಎಂಬ ಕ್ಯಾಸಿನೊ (ಜೂಜುಕಟ್ಟೆ) ಹೋಟೆಲುಗಳು ಮೂರೂ ಮರೀನಾ, ಅಂದರೆ ದೋಣಿ ನಿಲ್ಲಿಸುವ ತಾಣದ, ಬದಿಯಲ್ಲಿದ್ದು, ಅಲ್ಲಿಂದ ಕಡಲತೀರಕ್ಕೆ ಹೋಗಲು ಜಿಟ್ನಿ ಎಂಬ ಮಿನಿಬಸ್ಸನ್ನೋ ಟ್ಯಾಕ್ಸಿಯನ್ನೋ ಹಿಡಿಯಬೇಕಾಗುತ್ತದೆ. ರಿಸಾರ್ಟ್ಸ್, ಹಾರ್ಡ್ ರಾಕ್, ಓಶನ್, ಸೀಸರ್ಸ್, ಟ್ರಾಪಿಕಾನಾ ಮುಂತಾದವು ಬೋರ್ಡ್‌ವಾಕ್‌ಗೆ, ಅಂದರೆ 1870ರಲ್ಲಿ ಮೊದಲ ಬಾರಿಗೆ ಹಾಸಿದ ಮರದ ಕಾಲುದಾರಿಗೆ, ಅಂಟಿಕೊಂಡೇ ಇವೆ. ಬಾಗಿಲು ದಾಟಿದರೆ ಹಲಗೆ, ಅದರಾಚೆ ಮರಳು. ತೀರಕ್ಕಿಳಿಯಲು ಶುಲ್ಕವೂ ಇಲ್ಲ. (ನ್ಯೂಜೆರ್ಸಿಯ ಎಷ್ಟೋ ಕಡಲೂರುಗಳಲ್ಲಿ ಬೇಸಿಗೆಯಲ್ಲಿ ಅದಕ್ಕೂ ಹಣ ಕೊಡಬೇಕು.) ಹೆಚ್ಚು ನಡೆಯಲಾರದ ಹಿರಿಯರನ್ನು ಕೂರಿಸಿ, ಹಿಂದಿನಿಂದ ತಳ್ಳಿಕೊಂಡು ಹೋಗುವ ಗಾಲಿಕುರ್ಚಿಗಳು ಇಲ್ಲಿ ಬಾಡಿಗೆಗೆ ಸಿಗುವುದರಿಂದ ನಿಮಗೆ ಈ ಬದಿಯೇ ಒಳ್ಳೆಯದೆಂದು ನನ್ನ ಅಭಿಪ್ರಾಯ.

ದರದ ವಿಷಯದಲ್ಲಿ ಎಚ್ಚರವಿರಲಿ. ದೊಡ್ಡಕ್ಷರದಲ್ಲಿ ಕಾಣುವ ಬಾಡಿಗೆಗೆ ತೆರಿಗೆ, ಕೆಲವೆಡೆ ಪಾರ್ಕಿಂಗ್ ಶುಲ್ಕವೂ ಸೇರುವುದರಿಂದ ಕೊನೆಯ ಒಟ್ಟು ಮೊತ್ತವನ್ನೇ ಹೋಲಿಸಬೇಕು. ಬೇಸಿಗೆಯ ಶನಿವಾರಕ್ಕೆ ಹೋಲಿಸಿದರೆ ಮಂಗಳವಾರ, ಬುಧವಾರಗಳಲ್ಲಿ ಅದೇ ಕೋಣೆ ಸಾಮಾನ್ಯವಾಗಿ ಬಹಳ ಅಗ್ಗ. ಜೂಜು ಆಡದಿದ್ದರೂ ಕೋಣೆಗೆ ಹೋಗುವ ದಾರಿ ಅನೇಕ ವೇಳೆ ಕ್ಯಾಸಿನೊ ಅಂಗಳದ ಪಕ್ಕದಲ್ಲೇ ಸಾಗುತ್ತದೆ; ಸಿಗರೇಟಿನ ವಾಸನೆ ಸಹಿಸದವರಿದ್ದರೆ, ಧೂಮಪಾನ ನಿಷೇಧಿತ ಕೋಣೆಯನ್ನು ಕೇಳುವುದರ ಜೊತೆಗೆ, ವಾಹನ ನಿಲ್ಲಿಸುವ ಕಡೆಯಿಂದ ಲಿಫ್ಟಿಗೆ ನೇರ ದಾರಿಯಿದೆಯೇ ಎಂದು ಫೋನ್ ಮಾಡಿ ವಿಚಾರಿಸಿಕೊಳ್ಳಿ.