ಬಾಡಿಗೆ ಲಾಂಗ್‌ಆರ್ಮ್ ಯಂತ್ರದಲ್ಲಿ ಮೊದಲ ಕ್ವಿಲ್ಟ್: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: 60 ಇಂಚು ಅಗಲ, 72 ಇಂಚು ಉದ್ದದ ಕ್ವಿಲ್ಟ್‌ನ (ಮೂರು ಪದರ ಸೇರಿಸಿ ಹೊಲಿಯುವ ಹೊದಿಕೆಯ) ಮೇಲ್ಬಟ್ಟೆ ಜೋಡಿಸಿ ಮುಗಿಸಿದ್ದೇನೆ. ಮನೆಯ ಹೊಲಿಗೆ ಯಂತ್ರದ ಕೈಯಡಿ ಇಷ್ಟು ದಪ್ಪದ ಸುರುಳಿ ತೂರುವುದಿಲ್ಲ. ಲಾಂಗ್‌ಆರ್ಮ್, ಅಂದರೆ ಕ್ವಿಲ್ಟ್ ಹೊಲಿಯುವ ಉದ್ದ ತೋಳಿನ ಯಂತ್ರ, ಗಂಟೆ ಲೆಕ್ಕದಲ್ಲಿ ಬಾಡಿಗೆಗೆ ಸಿಗುತ್ತದಂತೆ. ಎಷ್ಟು ಗಂಟೆಗಳ ಕಾಲ ಕಾಯ್ದಿರಿಸಬೇಕು? ಮೊದಲೇ ಏನೇನು ವಿಚಾರಿಸಬೇಕು?

ಉತ್ತರ: ಮೊದಲ ಸಲಕ್ಕೆ ಐದಾರು ಗಂಟೆ ಇಟ್ಟುಕೊಳ್ಳಿ. ಅದರಲ್ಲಿ ಒಂದು ಗಂಟೆ ಬಟ್ಟೆಯನ್ನು ಚೌಕಟ್ಟಿಗೆ ಏರಿಸುವುದಕ್ಕೇ ಬೇಕು. ಕೈ ಪಳಗಿದವರಿಗೆ ಅರ್ಧ ಗಂಟೆಯ ಕೆಲಸ, ನಿಜ. ಆದರೆ ಅವರ ಲೆಕ್ಕ ಹಿಡಿದು ಸಮಯ ಕಾಯ್ದಿರಿಸಬೇಡಿ. ಉಳಿದ ಹೊತ್ತಿನಲ್ಲಿ ಹೊಲಿಗೆಯ ಜೊತೆಗೆ ದಾರ ತುಂಡಾಗುವುದು, ಬಾಬಿನ್ ಬದಲಿಸುವುದು, ತಪ್ಪಿದ ಸಾಲು ಬಿಚ್ಚುವುದು ಎಲ್ಲವೂ ಸೇರುತ್ತದೆ.

ಬಾಡಿಗೆ ಕೊಡುವ ಮುನ್ನ ಹೆಚ್ಚಿನವರು ಒಂದು ತರಬೇತಿ ತರಗತಿಗೆ ಬರಲೇಬೇಕು ಎನ್ನುತ್ತಾರೆ. ಅದು ದಂಡ ಎಂದುಕೊಳ್ಳಬೇಡಿ. ಮನೆಯ ಯಂತ್ರ ನಿಂತಲ್ಲೇ ನಿಂತಿರುತ್ತದೆ, ಬಟ್ಟೆಯನ್ನು ನೀವು ಸರಿಸುತ್ತೀರಿ. ಇಲ್ಲಿ ಬಟ್ಟೆ ರೋಲರ್‌ಗಳ ನಡುವೆ ಬಿಗಿದು ನಿಂತಿರುತ್ತದೆ, ಯಂತ್ರದ ತಲೆಯೇ ಹಳಿಯ ಮೇಲೆ ಗಾಲಿಗಳಲ್ಲಿ ಓಡಾಡುತ್ತದೆ. ಕೈಗೆ ಈ ಅಭ್ಯಾಸ ತಗಲಲು ಸ್ವಲ್ಪ ಹೊತ್ತು ಬೇಕು. ಆ ಹೊತ್ತು ನಿಮ್ಮ ಕ್ವಿಲ್ಟ್‌ನ ಮೇಲೆ ಕಳೆಯದಿರುವುದೇ ಮೇಲು.

ವಿಚಾರಿಸಬೇಕಾದ್ದು: ಗಡಿಯಾರ ಶುರುವಾಗುವುದು ಬಟ್ಟೆ ಏರಿಸುವಾಗಲೋ, ಮೊದಲ ಹೊಲಿಗೆ ಬಿದ್ದಾಗಲೋ? ಚೌಕಟ್ಟಿನಲ್ಲಿ ಹಿಡಿಸುವ ಗರಿಷ್ಠ ಅಗಲ ಎಷ್ಟು? ನಿಮ್ಮದೇ ದಾರ ತರಬಹುದೇ, ಅವರದನ್ನೇ ಕೊಳ್ಳಬೇಕೇ? ಸೂಜಿ ಮುರಿದರೆ, ಯಂತ್ರದ ಟೈಮಿಂಗ್ (ಸೂಜಿ ಮತ್ತು ಕೆಳಗಿನ ಹುಕ್‌ನ ಹೊಂದಾಣಿಕೆ) ತಪ್ಪಿದರೆ ಖರ್ಚು ಯಾರದು? ಹೊಲಿಯುವಷ್ಟೂ ಹೊತ್ತು ಸಹಾಯಕರು ಹತ್ತಿರ ಇರುತ್ತಾರೆಯೇ? ಯಂತ್ರದ ತೋಳಿನ ಆಳವನ್ನೂ ಕೇಳಿ. ಸಾಮಾನ್ಯವಾಗಿ 18ರಿಂದ 26 ಇಂಚು ಇರುತ್ತದೆ. ಆದರೆ ಹೊಲಿದ ಭಾಗ ಸುತ್ತಿಕೊಂಡಂತೆಲ್ಲ ಸುರುಳಿ ದಪ್ಪವಾಗುತ್ತ ಹೋಗುವುದರಿಂದ, ಹೊಲಿಯಲು ಸಿಗುವ ಜಾಗ ಅದಕ್ಕಿಂತ ಹಲವು ಇಂಚು ಕಡಿಮೆ.

ಪ್ರಶ್ನೆ: ಹಿಂಬಟ್ಟೆ, ಬ್ಯಾಟಿಂಗ್ (ನಡುವಿನ ಮೆತ್ತನೆಯ ಪದರ) ಎಷ್ಟು ದೊಡ್ಡದಿರಬೇಕು? ಮೂರೂ ಪದರಗಳನ್ನು ಮನೆಯಲ್ಲೇ ಕಚ್ಚಾ ಹೊಲಿಗೆ ಹಾಕಿ ಒಯ್ಯಲೇ?

ಉತ್ತರ: ಖಂಡಿತ ಬೇಡ. ಮೂರು ಪದರಗಳೂ ಬೇರೆಬೇರೆಯಾಗಿಯೇ ಬರಬೇಕು, ಚೌಕಟ್ಟಿನ ಮೇಲೆ ಒಂದಾಗುತ್ತವೆ. ಪಿನ್ ಚುಚ್ಚಿ, ಅಂಟು ಸಿಂಪಡಿಸಿ ಒಯ್ದರೆ ಅಲ್ಲಿ ಬಿಚ್ಚುತ್ತ ಕೂರಬೇಕಾಗುತ್ತದೆ, ಬಾಡಿಗೆ ಓಡುತ್ತಲೇ ಇರುತ್ತದೆ.

ಹಿಂಬಟ್ಟೆ ನಾಲ್ಕೂ ಕಡೆ 4 ಇಂಚು ಹೆಚ್ಚಿರಬೇಕು. ನಿಮ್ಮ ಅಳತೆಗೆ 68 x 80 ಇಂಚು. ಈ ಹೆಚ್ಚುವರಿ ಅಂಚನ್ನು ರೋಲರ್‌ಗೆ ಪಿನ್ ಮಾಡುತ್ತೇವೆ, ಪಕ್ಕಗಳಲ್ಲಿ ಕ್ಲಾಂಪ್ ಹಾಕುತ್ತೇವೆ, ಟೆನ್ಶನ್ (ದಾರದ ಬಿಗಿ) ಪರೀಕ್ಷೆಯೂ ಅಲ್ಲೇ ನಡೆಯುತ್ತದೆ. ಎರಡಿಂಚು ಸಾಕು ಎಂದು ಹೊರಟರೆ ಯಂತ್ರದ ತಲೆ ಹೋಗಿ ಕ್ಲಾಂಪಿಗೆ ಬಡಿಯುತ್ತದೆ. ಹೊಲಿಗೆ ಆ ಜಾಗದಲ್ಲಿ ಜರ್ಕ್ ಹೊಡೆದದ್ದು ಮುಂಭಾಗದಲ್ಲಿ ಚೆನ್ನಾಗಿಯೇ ಕಾಣುತ್ತದೆ. ಬ್ಯಾಟಿಂಗ್ ಸುತ್ತಲೂ 3ರಿಂದ 4 ಇಂಚು ಹೆಚ್ಚಿದ್ದರೆ ಸಾಕು.

44 ಇಂಚು ಪನ್ನದ ಬಟ್ಟೆಯಾದರೆ ಜೋಡಿಸಲೇಬೇಕು. ಜೋಡಣೆಯ ಕಡೆ ಗಟ್ಟಿ ಕಿನಾರೆ ಕತ್ತರಿಸಿ ತೆಗೆಯಿರಿ, ಅದು ಉಳಿದರೆ ಒಗೆದ ಮೇಲೆ ಸೀಮ್ (ಜೋಡಣೆಯ ಹೊಲಿಗೆ) ಎಳೆದುಕೊಳ್ಳುತ್ತದೆ. ಉಪಯೋಗಕ್ಕೆ 42 ಇಂಚು ಸಿಗುತ್ತದೆ ಎಂದುಕೊಳ್ಳಿ. 68 ಇಂಚು ಉದ್ದದ ಎರಡು ತುಂಡುಗಳನ್ನು ಅರ್ಧ ಇಂಚಿನ ಸೀಮ್ ಬಿಟ್ಟು ಉದ್ದಕ್ಕೆ ಜೋಡಿಸಿದರೆ 68 x 83 ಆಗುತ್ತದೆ. ಅಂದರೆ ಸುಮಾರು 3.5 ಮೀಟರ್ ಬೇಕು. ಒಗೆದಾಗ ಕುಗ್ಗುವುದಕ್ಕೆ, ಮೂಲೆ ಮಟ್ಟ ಮಾಡುವುದಕ್ಕೆ ಸೇರಿಸಿ 3.75 ಮೀಟರ್ ತನ್ನಿ. ಸೀಮನ್ನು ಎರಡೂ ಕಡೆ ಬಿಡಿಸಿ ಇಸ್ತ್ರಿ ಮಾಡಿ. ಹೀಗೆ ಜೋಡಿಸಿದಾಗ ಸೀಮ್ ರೋಲರ್‌ಗೆ ಸಮಾನಾಂತರವಾಗಿ, ಅಡ್ಡಕ್ಕೆ ಬರುತ್ತದೆ. ಅದೇ ನಮಗೆ ಬೇಕಾದ್ದು. ಸೀಮ್ ಲಂಬವಾಗಿದ್ದರೆ ಪ್ರತಿ ಸುತ್ತಿಗೂ ಒಂದೇ ಜಾಗದಲ್ಲಿ ಮಡಿಕೆಯ ಮೇಲೆ ಮಡಿಕೆ ಬಿದ್ದು ಅಲ್ಲಿ ಬಿಗಿ, ಅಕ್ಕಪಕ್ಕದಲ್ಲಿ ಸಡಿಲ.

ಹಾಸಿಗೆಯ ಬೆಡ್‌ಶೀಟನ್ನೇ ಹಿಂಬಟ್ಟೆ ಮಾಡುವ ಆಸೆ ಹಲವರಿಗೆ, ಜೋಡಣೆ ತಪ್ಪುತ್ತದಲ್ಲ! ಆದರೆ ಒತ್ತಾದ ನೇಯ್ಗೆಯ ಶೀಟಿನಲ್ಲಿ ಸೂಜಿ ಬಾಗಿ ಹೊಲಿಗೆ ತಪ್ಪುತ್ತದೆ, ತೂತು ಎದ್ದು ಕಾಣುತ್ತದೆ. ಹಿಗ್ಗುವ ಬಟ್ಟೆಯೂ ಮೊದಲ ಕ್ವಿಲ್ಟಿಗೆ ಬೇಡ.

ಬ್ಯಾಟಿಂಗನ್ನು ಹಿಂದಿನ ದಿನವೇ ಪೊಟ್ಟಣದಿಂದ ಬಿಚ್ಚಿ ಹರಡಿಡಿ, ಮಡಿಕೆಯ ಗೆರೆ ತಾನಾಗಿ ಇಳಿಯುತ್ತದೆ. ಸೂಜಿಯಿಂದ ಚುಚ್ಚಿ ತಯಾರಿಸಿದ ಹತ್ತಿ ಬ್ಯಾಟಿಂಗಿಗೆ ಎರಡು ಮುಖ: ಒಂದರಲ್ಲಿ ಸಣ್ಣ ಗುಳಿ, ಇನ್ನೊಂದರಲ್ಲಿ ಸಣ್ಣ ಗುಳ್ಳೆ. ಗುಳಿಯ ಮುಖ ಮೇಲಿರಲಿ. ಆಗ ನಿಮ್ಮ ಸೂಜಿಯೂ ಕಾರ್ಖಾನೆಯ ಸೂಜಿ ಹೋದ ದಿಕ್ಕಿನಲ್ಲೇ ಹೋಗುತ್ತದೆ. ತಿರುಗುಮುರುಗಾದರೆ ಹಿಂಬಟ್ಟೆಯಿಂದ ನಾರು ಹೊರಗೆ ಇಣುಕುತ್ತದೆ.

ಪ್ರಶ್ನೆ: ಮೇಲ್ಬಟ್ಟೆಯ ಬಾರ್ಡರ್ ಅಲೆಅಲೆಯಾಗಿದೆ. ಯಂತ್ರದಲ್ಲಿ ಹೊಲಿದಾಗ ಮಟ್ಟಸವಾಗುತ್ತದೆಯೇ?

ಉತ್ತರ: ಇಲ್ಲ, ಆ ಅಲೆ ನೆರಿಗೆಯಾಗಿ ಕೂರುತ್ತದೆ. ಉದ್ದನೆಯ ಪಟ್ಟಿಯನ್ನು ಅಳೆಯದೆ ಹೊಲಿಯುತ್ತ ಹೋಗಿ ಕೊನೆಯಲ್ಲಿ ಕತ್ತರಿಸಿದರೆ ಹೀಗಾಗುತ್ತದೆ. ಬಾರ್ಡರ್ ಬಿಚ್ಚಿ, ಕ್ವಿಲ್ಟ್‌ನ ನಡುಮಧ್ಯದಲ್ಲಿ ಅಳೆದು, ಎದುರುಬದುರು ಪಟ್ಟಿಗಳನ್ನು ಅದೇ ಅಳತೆಗೆ ಕತ್ತರಿಸಿ ಮತ್ತೆ ಹೊಲಿಯಿರಿ. ಬೇಸರದ ಕೆಲಸವೇ. ಆದರೂ ಬೇರೆ ದಾರಿ ಇಲ್ಲ.

ಹೊರಡುವ ಮುಂಚೆ ಇನ್ನೆರಡು ಕೆಲಸ: ಹಿಂಭಾಗದಲ್ಲಿ ತೂಗಾಡುವ ದಾರಗಳನ್ನೆಲ್ಲ ಕತ್ತರಿಸಿ (ತಿಳಿಬಣ್ಣದ ಬಟ್ಟೆಯಡಿ ಕಪ್ಪು ದಾರ ಉಳಿದರೆ ಹೊಲಿದ ಮೇಲೆ ತೆಗೆಯಲಾಗದು). ಹೊರ ಅಂಚಿನಲ್ಲಿ ಸೀಮ್‌ಗಳು ಬಂದು ಮುಗಿಯುತ್ತಿದ್ದರೆ, ಅಂಚಿನಿಂದ 1/8 ಇಂಚು ಒಳಗೆ ಸುತ್ತಲೂ ಒಂದು ಹೊಲಿಗೆ ಹಾಕಿ. ಇಲ್ಲವಾದರೆ ಎಳೆತಕ್ಕೆ ಸೀಮ್ ಬಾಯಿ ಬಿಡುತ್ತದೆ. ಗುಂಡಿ, ಮಣಿ ಏನಿದ್ದರೂ ಕ್ವಿಲ್ಟಿಂಗ್ ಆದ ಮೇಲೆ.

ಪ್ರಶ್ನೆ: ಚೌಕಟ್ಟಿಗೆ ಏರಿಸುವ ಕ್ರಮವನ್ನು ಬಿಡಿಸಿ ಹೇಳುತ್ತೀರಾ?

ಉತ್ತರ: ಹಿಂಬಟ್ಟೆಯನ್ನೂ ಮೇಲ್ಬಟ್ಟೆಯನ್ನೂ ಅರ್ಧಕ್ಕೆ ಮಡಚಿ, ಮೇಲಿನ ಮತ್ತು ಕೆಳಗಿನ ಅಂಚುಗಳ ನಡುಬಿಂದುವಿಗೆ ಪಿನ್ ಚುಚ್ಚಿ ಗುರುತಿಡಿ. ರೋಲರ್‌ಗೆ ಅಂಟಿಕೊಂಡಿರುವ ದಪ್ಪ ಬಟ್ಟೆಗೆ ಲೀಡರ್ ಎನ್ನುತ್ತಾರೆ. ಅದರ ನಡುವೆಯೂ ಗುರುತು ಇರುತ್ತದೆ. ಹಿಂಬಟ್ಟೆಯ ಒಳಮೈ ಮೇಲೆ, ಚೆಂದದ ಮೈ ನೆಲದ ಕಡೆ. ಮೇಲಿನ ಅಂಚನ್ನು ಹೊಲಿದದ್ದು ಸುತ್ತಿಕೊಳ್ಳುವ ರೋಲರ್‌ನ ಲೀಡರ್‌ಗೆ, ಕೆಳಗಿನ ಅಂಚನ್ನು ಹಿಂಬಟ್ಟೆಯ ರೋಲರ್‌ನ ಲೀಡರ್‌ಗೆ ಪಿನ್ ಮಾಡಿ. ನಡುವಿನಿಂದ ಶುರುಮಾಡಿ ಹೊರಕ್ಕೆ ಹೋಗಬೇಕು, ಎರಡು ಮೂರು ಇಂಚಿಗೊಂದು ಪಿನ್, ಬಟ್ಟೆಯನ್ನು ಎಳೆಯದೆ. ಕೆಲವು ಕಡೆ ಪಿನ್ ಬದಲು ಉದ್ದನೆಯ ಪ್ಲಾಸ್ಟಿಕ್ ಕ್ಲಿಪ್‌ಗಳಿರುತ್ತವೆ, ಕೆಲಸ ಬೇಗ ಆಗುತ್ತದೆ.

ಈಗ ಬಿಗಿ. ಇಲ್ಲಿಯೇ ಹೊಸಬರು ಎಡವುವುದು. ತಮಟೆಯಂತೆ ಬಿಗಿದರೆ ಹೊಲಿಗೆ ತಪ್ಪುತ್ತದೆ, ದಾರ ತುಂಡಾಗುತ್ತದೆ, ಚೌಕಟ್ಟಿನಿಂದ ಇಳಿಸಿದಾಗ ಕ್ವಿಲ್ಟ್ ಮುದುಡಿಕೊಳ್ಳುತ್ತದೆ. ಕೆಳಗಿನಿಂದ ಬೆರಳಿನಿಂದ ಒತ್ತಿದರೆ, ಆ ಬೆರಳ ತುದಿಯನ್ನು ಮೇಲಿನಿಂದ ಬಟ್ಟೆಯ ಸಮೇತ ಹಿಡಿಯಲು ಬರಬೇಕು. ಅಷ್ಟು ಸಡಿಲವಿರಲಿ. ಪಕ್ಕದ ಕ್ಲಾಂಪ್‌ಗಳ ಕೆಲಸ ಬಟ್ಟೆಯನ್ನು ಮಟ್ಟಸವಾಗಿ ಇಡುವುದಷ್ಟೇ.

ನಂತರ ಬ್ಯಾಟಿಂಗ್ ಹರಡಿ ಕೈಯಿಂದ ಸವರಿ. ಯಂತ್ರದಲ್ಲಿ ಚಾನೆಲ್ ಲಾಕ್ ಇರುತ್ತದೆ. ಅದನ್ನು ಹಾಕಿದರೆ ತಲೆ ಅಡ್ಡಕ್ಕೆ ಮಾತ್ರ ಚಲಿಸುತ್ತದೆ. ಹಾಗೆ ನೇರವಾದ ಒಂದು ಗೆರೆ ಹೊಲಿದು, ಮೇಲ್ಬಟ್ಟೆಯ ಮೇಲಂಚನ್ನು ನಡುಬಿಂದು ಹೊಂದಿಸಿ ಆ ಗೆರೆಗೆ ಕೂರಿಸಿ, ಅಂಚಿನಿಂದ ಕಾಲಿಂಚು ಒಳಗೆ ಉದ್ದ ಹೊಲಿಗೆ ಹಾಕಿ. ಮೇಲ್ಬಟ್ಟೆಯ ಕೆಳಗಿನ ಅಂಚನ್ನು ಯಾವ ರೋಲರ್‌ಗೂ ಕಟ್ಟದೆ ಮುಂದಕ್ಕೆ ಜೋತುಬಿಡಬಹುದು. ಮೂರನೆಯ ರೋಲರ್‌ಗೆ ಪಿನ್ ಮಾಡುವ ಪದ್ಧತಿಯೂ ಇದೆ, ಆದರೆ ಮೊದಲ ಸಲ ಜೋತುಬಿಡುವುದೇ ಸುಲಭ: ಪಿನ್ ಮಾಡುವ ಒಂದು ಸುತ್ತು ಉಳಿಯುತ್ತದೆ, ಅಲ್ಪಸ್ವಲ್ಪ ಹೆಚ್ಚುಕಡಿಮೆಯನ್ನು ಕೈಯಿಂದಲೇ ಸರಿಪಡಿಸಬಹುದು. ಪ್ರತಿ ಸಲ ಸುತ್ತಿದಾಗಲೂ ಮೊದಲು ಎಡಬಲದ ಅಂಚುಗಳನ್ನು ಹೊಲಿದುಕೊಂಡು ಆಮೇಲೆ ವಿನ್ಯಾಸಕ್ಕೆ ಕೈಹಾಕಿ.

ಪ್ರಶ್ನೆ: ಕೈಯಿಂದಲೇ ವಿನ್ಯಾಸ ಬಿಡಿಸುವುದೋ, ಕಾಗದದ ನಕ್ಷೆ ನೋಡಿ ಹೊಲಿಯುವುದೋ? ಕಂಪ್ಯೂಟರ್ ಇರುವ ಯಂತ್ರವೂ ಇದೆಯಂತೆ.

ಉತ್ತರ: ಮೊದಲ ಸಲಕ್ಕೆ ಪ್ಯಾಂಟೋಗ್ರಾಫ್, ಅಂದರೆ ಕಾಗದದ ನಕ್ಷೆ. ಯಂತ್ರದ ಹಿಂದಿನ ಮೇಜಿನ ಮೇಲೆ ನಕ್ಷೆ ಹಾಸಿ, ಹಿಂದೆ ನಿಂತು, ಲೇಸರ್ ಚುಕ್ಕೆಯನ್ನು ಗೆರೆಯ ಮೇಲೆ ನಡೆಸುವುದು. ಚಿತ್ರ ಬರೆಯಲು ಬರಬೇಕಿಲ್ಲ. ದುಂಡನೆಯ, ಸುರುಳಿಯ ನಕ್ಷೆ ಆರಿಸಿ. ನೇರ ಗೆರೆ, ಚೂಪು ಮೂಲೆ ಇರುವುದರಲ್ಲಿ ಕೈ ನಡುಗಿದ್ದೆಲ್ಲ ಕಾಣುತ್ತದೆ. ಸಾಲಿನಿಂದ ಸಾಲಿಗೆ 9 ಇಂಚು ಅಂತರವಾದರೆ 72 ಇಂಚಿಗೆ ಎಂಟು ಸಾಲು. ಹಿಂದೆ ನಿಂತಾಗ ಸೂಜಿ ಕಾಣುವುದಿಲ್ಲ ಎಂಬುದು ನೆನಪಿರಲಿ: ದಾರ ತುಂಡಾಗಿಯೂ ಯಂತ್ರ ಓಡುತ್ತಿರಬಹುದು, ಆಗಾಗ ಇಣುಕಿ ನೋಡಿ. ಕಂಪ್ಯೂಟರ್ ಯಂತ್ರ ತಾನೇ ಹೊಲಿಯುತ್ತದೆ, ನಿಜ. ಆದರೆ ವಿನ್ಯಾಸದ ಗಡಿ, ಸಾಲಿನ ಜೋಡಣೆ ಹೊಂದಿಸುವುದನ್ನು ಕಲಿಯುವುದೇ ಬೇರೊಂದು ಪಾಠ.

ಪ್ರಶ್ನೆ: ಮನೆಯ ಯಂತ್ರದ ಸೂಜಿ, ಬಾಬಿನ್, ಹತ್ತಿ ದಾರ ನಡೆಯುತ್ತದೆಯೇ?

ಉತ್ತರ: ಸೂಜಿ, ಬಾಬಿನ್ ಎರಡೂ ನಡೆಯುವುದಿಲ್ಲ. ಮನೆಯ ಸೂಜಿಯ ಬುಡ ಒಂದು ಕಡೆ ಚಪ್ಪಟೆ. ಲಾಂಗ್‌ಆರ್ಮ್ ಸೂಜಿಯದು ಪೂರ್ತಿ ದುಂಡು, ಹಾಗಾಗಿ ಓರೆಯಾಗಿ ಕೂರುವ ಅಪಾಯವಿದೆ. ಕಣ್ಣು ನಿಮ್ಮ ಕಡೆ, ಹಿಂದಿನ ತಗ್ಗು ಹಿಂದಕ್ಕೆ, ಪೂರ್ತಿ ಮೇಲಕ್ಕೆ ತಳ್ಳಿ ತಿರುಪು ಬಿಗಿ ಮಾಡಿ. ಸಾಮಾನ್ಯ ಹತ್ತಿ ಬಟ್ಟೆಗೆ 100/16 ಅಥವಾ 110/18 ಗಾತ್ರ. ಬಾಬಿನ್ ಹೆಚ್ಚಿನ ಯಂತ್ರಗಳಲ್ಲಿ ದೊಡ್ಡದಾದ ಎಂ ಗಾತ್ರದ್ದು. ನಿಮ್ಮ ಕ್ವಿಲ್ಟಿಗೆ ಐದಾರನ್ನು ಮೊದಲೇ ತುಂಬಿಸಿಕೊಳ್ಳಿ.

ದಾರ ಕೋನ್‌ನಲ್ಲಿರುವ 40ರ ಪಾಲಿಯೆಸ್ಟರ್ ತನ್ನಿ. ಹತ್ತಿ ದಾರ ತಪ್ಪಲ್ಲ, ಆದರೆ ಇಷ್ಟು ವೇಗದಲ್ಲಿ ಹಿಂಜು ಉದುರಿ ಹುಕ್‌ನ ಸುತ್ತ ತುಂಬಿಕೊಳ್ಳುತ್ತದೆ, ಪ್ರತಿ ಬಾಬಿನ್‌ಗೂ ಬ್ರಷ್ ಆಡಿಸಬೇಕು. ಮೇಲೆ ಕೆಳಗೆ ಒಂದೇ ಬಣ್ಣವಿದ್ದರೆ ಟೆನ್ಶನ್‌ನ ಸಣ್ಣ ಏರುಪೇರು ಮುಚ್ಚಿಹೋಗುತ್ತದೆ.

ಪ್ರಶ್ನೆ: ಅಭ್ಯಾಸದ ತುಂಡಿನಲ್ಲಿ ಮುಂಭಾಗ ಚೆನ್ನಾಗಿತ್ತು, ತಿರುಗಿಸಿದರೆ ತಿರುವುಗಳಲ್ಲೆಲ್ಲ ಕಣ್ರೆಪ್ಪೆಯಂತೆ ದಾರದ ಎಳೆಗಳು. ಯಾಕೆ?

ಉತ್ತರ: ತಿರುವಿನಲ್ಲಿ ವೇಗ ಹೆಚ್ಚಾಗಿದೆ, ಇಲ್ಲವೇ ಮೇಲ್ದಾರ ಸಡಿಲ, ಹಲವು ಸಲ ಎರಡೂ. ವೇಗದಲ್ಲಿ ತಿರುಗಿಸಿದಾಗ ಸೂಜಿ ಬಾಗುತ್ತದೆ, ಸಡಿಲ ಮೇಲ್ದಾರ ಕೆಳಕ್ಕೆ ಎಳೆದುಕೊಳ್ಳುತ್ತದೆ. ಮೊದಲು ನಿಧಾನಿಸಿ. ಹೋಗದಿದ್ದರೆ ಟೆನ್ಶನ್, ಆಮೇಲೆ ಒಂದು ಗಾತ್ರ ದಪ್ಪ ಸೂಜಿ.

ಟೆನ್ಶನ್ ಸರಿಪಡಿಸುವುದು ಯಾವಾಗಲೂ ಬಾಬಿನ್‌ನಿಂದ ಶುರು. ತುಂಬಿದ ಬಾಬಿನ್ ಕೇಸನ್ನು ಅಂಗೈ ಮೇಲಿಟ್ಟು ದಾರ ಹಿಡಿದು ಮೇಲೆತ್ತಿ. ಕೇಸ್ ಎದ್ದು ನಿಲ್ಲಬೇಕು, ಆದರೆ ಅಂಗೈ ಬಿಟ್ಟು ಮೇಲೇಳಬಾರದು. ಮೇಲೆದ್ದರೆ ಬಿಗಿ ಹೆಚ್ಚು, ಎದ್ದು ನಿಲ್ಲದಿದ್ದರೆ ಸಡಿಲ. ಅದರ ಸಣ್ಣ ತಿರುಪನ್ನು ಕೂದಲೆಳೆಯಷ್ಟೇ ತಿರುಗಿಸಿ. ಆಮೇಲೆ ಮೇಲ್ದಾರ. ಕ್ವಿಲ್ಟ್‌ನ ಪಕ್ಕದ ಹೆಚ್ಚುವರಿ ಅಂಚಿನಲ್ಲಿ ಬ್ಯಾಟಿಂಗ್ ಮೇಲೊಂದು ಚೂರು ಬಟ್ಟೆ ಇಟ್ಟು ಸುರುಳಿ ಹೊಲಿದು ನೋಡಿ. ಹಿಂಭಾಗದಲ್ಲಿ ಕೆಳದಾರ ನೆಟ್ಟಗೆ ಮಲಗಿ, ಮೇಲ್ದಾರದ ಚುಕ್ಕೆ ಕಂಡರೆ ಮೇಲ್ದಾರ ಬಿಗಿ ಮಾಡಿ. ಮುಂಭಾಗದಲ್ಲಿ ಮೇಲ್ದಾರ ನೆಟ್ಟಗೆ ಮಲಗಿ, ಕೆಳದಾರದ ಚುಕ್ಕೆ ಕಂಡರೆ ಸಡಿಲಿಸಿ. ಒಂದು ಸಲಕ್ಕೆ ಕಾಲು ಸುತ್ತು ಸಾಕು. ಸಾಲು ಮುಗಿದಾಗಲೆಲ್ಲ ಕೆಳಗೆ ಕೈಯಾಡಿಸಿ, ಟಾರ್ಚ್ ಹಾಕಿ ನೋಡಿ.

ಹೊಲಿಗೆ ಶುರುವಾದಲ್ಲೇ ಕೆಳಗೆ ದಾರದ ಗಂಟು ಬಿದ್ದರೆ ಅದು ಟೆನ್ಶನ್ ದೋಷವಲ್ಲ. ಮೇಲ್ದಾರ ಟೆನ್ಶನ್ ಡಿಸ್ಕ್‌ನಿಂದ ಜಾರಿರುತ್ತದೆ, ಇಲ್ಲವೇ ಕೆಳದಾರವನ್ನು ಮೇಲೆ ತಂದುಕೊಂಡಿರುವುದಿಲ್ಲ. ಸೂಜಿಯನ್ನು ಒಮ್ಮೆ ಇಳಿಸಿ ಏರಿಸಿ, ಕೆಳದಾರ ಎಳೆದುಕೊಂಡು, ಎರಡೂ ತುದಿ ಹಿಡಿದು ಮೂರ್ನಾಲ್ಕು ಸಣ್ಣ ಹೊಲಿಗೆ ಹಾಕಿ ಮುಂದುವರಿಯಿರಿ.

ಪ್ರಶ್ನೆ: ಸ್ಟಿಚ್ ರೆಗ್ಯುಲೇಟರ್ (ಹೊಲಿಗೆಯ ಉದ್ದ ಒಂದೇ ಸಮ ಇಡುವ ಸಾಧನ) ಹಾಕಿದ್ದರೂ ನಡುನಡುವೆ ಹೊಲಿಗೆ ಉದ್ದ ಗಿಡ್ಡ ಆಗುತ್ತದೆ.

ಉತ್ತರ: ತಲೆ ಎಷ್ಟು ದೂರ ಸರಿಯಿತು ಎಂಬುದನ್ನು ಗಾಲಿಯ ಬಳಿಯ ಎನ್‌ಕೋಡರ್ ಅಳೆದು ಹೊಲಿಗೆಯ ವೇಗ ಹೊಂದಿಸುತ್ತದೆ. ಹಳಿಯ ಮೇಲೆ ದಾರದ ತುಣುಕಿದ್ದರೆ, ಎನ್‌ಕೋಡರ್‌ನ ಪುಟ್ಟ ಗಾಲಿ ಹಳಿಯನ್ನು ಮುಟ್ಟದಿದ್ದರೆ ಲೆಕ್ಕ ತಪ್ಪುತ್ತದೆ. ಹಳಿ, ಗಾಲಿ ಒರೆಸಿ, ಕೇಬಲ್ ಸಡಿಲವಾಗಿದೆಯೇ ನೋಡಿ. ಇಂಚಿಗೆ 10 ಅಥವಾ 11 ಹೊಲಿಗೆ ಇಟ್ಟುಕೊಳ್ಳಿ. ಯಂತ್ರದ ತಳ ಸುರುಳಿಗೆ ಉಜ್ಜಿದರೂ ಹೀಗೇ ಆಗುತ್ತದೆ. ಸುರುಳಿ ದಪ್ಪವಾದಂತೆ ಆ ರೋಲರನ್ನು ಮೇಲೆತ್ತಿ, ನಡುವೆ ಒಂದು ಬೆರಳು ತೂರುವಷ್ಟು ಸಂದಿ ಉಳಿಸಿ.

ಪ್ರಶ್ನೆ: ಸಮಯ ಮುಗಿಯಿತು, ಎರಡು ಸಾಲು ಉಳಿಯಿತು ಎಂದುಕೊಳ್ಳಿ. ಇಳಿಸಿ ಇನ್ನೊಂದು ದಿನ ಏರಿಸಬಹುದೇ?

ಉತ್ತರ: ಏರಿಸಬಹುದು, ಆದರೆ ಬಿಗಿ ಮೊದಲಿನಂತೆಯೇ ಬರುವುದಿಲ್ಲ, ಸಾಲು ಸೇರುವಲ್ಲಿ ನೆರಿಗೆ ಬೀಳುತ್ತದೆ. ಅನಿವಾರ್ಯವಾದರೆ ಉಳಿದ ಭಾಗಕ್ಕೆ ಚೌಕಟ್ಟಿನ ಮೇಲೆಯೇ ನಾಲ್ಕು ಇಂಚಿಗೊಂದು ಉದ್ದ ಹೊಲಿಗೆಯ ಸಾಲು ಹಾಕಿ ಮೂರೂ ಪದರ ಹಿಡಿಸಿ ಇಳಿಸಿ, ಮನೆಯ ಯಂತ್ರದಲ್ಲಿ ಸರಳ ವಿನ್ಯಾಸದಿಂದ ಮುಗಿಸಿ. ಹೇಗೂ ಎರಡೇ ಸಾಲು ಉಳಿದಿರುವುದರಿಂದ ಯಂತ್ರದ ಕೈಯಡಿ ತೂರಬೇಕಾದ ಸುರುಳಿ ತೆಳ್ಳಗಿರುತ್ತದೆ.